ಮನೆಗೆ ಬಂದ ಮಾತ್ರಕ್ಕೆ ನಿಮ್ಮದಾಗದು

ಹೊಸ ಲ್ಯಾಪ್‌ಟಾಪ್ ಕೈಸೇರಿದ ಮೊದಲ ವಾರ ಕೊಳ್ಳುವವರ ಪಾಲಿನದು. ಹೊಸಪೇಟೆ, ಕಂಪ್ಲಿ, ಸಂಡೂರಿನಂಥ ಊರುಗಳಲ್ಲಿ ಆ ವಾರವನ್ನು ಸುಮ್ಮನೆ ಕಳೆದವರಿಗೆ ಮುಂದಿನ ವಾರಂಟಿ ಅರ್ಧ ಮಾತ್ರ.

ಕೊಂಡ ಮಾಲು ಕೆಟ್ಟರೆ ನಷ್ಟ ಯಾರದು ಎಂಬ ಪ್ರಶ್ನೆ ಈ ಕಡೆ ಹಳೆಯದು. ವಿಜಯನಗರದ ಅರಸರಿಗೆ ಕುದುರೆ ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಒಳ್ಳೆಯ ತಳಿ ಹೋರ್ಮುಜ್, ಏಡನ್ ಕಡೆಯಿಂದ ಹಡಗೇರಿ ಬರಬೇಕಿತ್ತು. 1535ರ ಸುಮಾರಿಗೆ ಇಲ್ಲಿ ನೆಲೆಸಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ತನ್ನ ವೃತ್ತಾಂತದಲ್ಲಿ ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಅರಸ ಸಾವಿರ ಪರ್ದಾವೋ ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಜೀವಂತ ಬಂದರೂ ಸರಿ, ಸತ್ತು ಬಂದರೂ ಸರಿ. ಸಮುದ್ರದಲ್ಲೇ ಸತ್ತುಹೋದ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ಎಣಿಸಿಕೊಡುತ್ತಿದ್ದ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದು ನಿಂತ ಪರದೇಶಿ ವರ್ತಕರನ್ನು ಇವತ್ತಿಗೂ ಕಾಣಬಹುದು.

ದಾರಿಯ ನಷ್ಟವನ್ನೆಲ್ಲ ಕೊಳ್ಳುವವನೇ ಹೊತ್ತುಕೊಳ್ಳುವ ಆ ವ್ಯವಹಾರ ಅರಸನಿಗೆ ಕಟ್ಟುತ್ತಿತ್ತು. ವರ್ತಕ ಬೇರೊಬ್ಬ ದೊರೆಯ ಕಡೆ ಮುಖ ಮಾಡದಿದ್ದರೆ ಸಾಕಿತ್ತು ಅವನಿಗೆ. ಮಗಳ ಓದಿಗೆಂದು ಐವತ್ತು ಸಾವಿರ ಹೊಂದಿಸಿ ಲ್ಯಾಪ್‌ಟಾಪ್ ತರಿಸುವ ಕಂಪ್ಲಿಯ ರೈತನಿಗಾಗಲಿ, ಹೋಮ್‌ಸ್ಟೇ ಲೆಕ್ಕಕ್ಕೆಂದು ಕೊಳ್ಳುವ ಹಂಪಿಯ ಮನೆಯವರಿಗಾಗಲಿ ಅದು ಕಟ್ಟದು. ಕಟ್ಟಬೇಕಾಗಿಯೂ ಇಲ್ಲ. ಕೆಟ್ಟ ಮಾಲು ಬಂದರೆ ವಾಪಸು ಪಡೆಯುವುದು ಮಾರಿದವನ ಹೊಣೆ ಎಂದು ಇವತ್ತಿನ ಕಾನೂನು ಹೇಳುತ್ತದೆ. ಆದರೆ ಕೆಟ್ಟಿದೆ ಎಂದು ಹೇಳಬೇಕಾದವರು ನಾವು, ಅದೂ ಗಡುವಿನೊಳಗೆ. ಆನ್‌ಲೈನಿನಲ್ಲಿ ಕೊಂಡದ್ದಕ್ಕೆ ಸಾಮಾನ್ಯವಾಗಿ ಏಳು ದಿನ, ಹೆಚ್ಚೆಂದರೆ ಹತ್ತು ದಿನ ಇರುತ್ತದೆ. ಅಷ್ಟು ದಿನ ನಮ್ಮ ಜಗಳ ಮಾರಿದವನ ಜೊತೆ, ಕೇಳುವುದು ಬದಲಿ ಲ್ಯಾಪ್‌ಟಾಪ್. ಗಡುವು ದಾಟಿದ ಮೇಲೆ ಕಂಪನಿ ಕೊಡುವುದು ರಿಪೇರಿ ಮಾತ್ರ.

ಬೆಂಗಳೂರಿನವರಿಗೆ ಈ ಎರಡರ ನಡುವೆ ಅಷ್ಟು ವ್ಯತ್ಯಾಸ ಕಾಣದಿರಬಹುದು. ನಮ್ಮ ಕಡೆ ಹಾಗಲ್ಲ. ಸಂಡೂರಿನಲ್ಲಿ ಕೆಟ್ಟ ಲ್ಯಾಪ್‌ಟಾಪ್ ಹೊಸಪೇಟೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಿ, ಬಿಡಿಭಾಗ ಬರುವವರೆಗೆ ಅಲ್ಲೇ ಕೂತಿರುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ವಾರಂಟಿ ಆನ್‌ಸೈಟೋ, ಕ್ಯಾರಿ-ಇನ್ನೋ? ಆನ್‌ಸೈಟ್ ಎಂದರೆ ತಂತ್ರಜ್ಞ ಮನೆಗೆ ಬರುತ್ತಾನೆ, ಕ್ಯಾರಿ-ಇನ್ ಎಂದರೆ ನಾವೇ ಹೊತ್ತೊಯ್ಯಬೇಕು. ಆನ್‌ಸೈಟ್ ಎಂದು ಬರೆದಿದ್ದರೂ ಅದು ನಿಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಹೊಸಪೇಟೆಯ 583201ಕ್ಕೆ ಸಿಗುವ ಸೇವೆ ಕಂಪ್ಲಿಯ 583132ಕ್ಕೋ ಹಂಪಿಯ 583239ಕ್ಕೋ ಸಿಗುತ್ತದೆ ಎಂದುಕೊಳ್ಳುವಂತಿಲ್ಲ.

ಬಾಗಿಲಲ್ಲಿ

“ಅಣ್ಣ, ಓಟಿಪಿ ಬಂದೈತೇನ್ರಿ, ಹೇಳ್ರಿ” ಎನ್ನುತ್ತಾನೆ ಡೆಲಿವರಿ ಹುಡುಗ. ಬೈಕಿನಲ್ಲಿ ಇನ್ನೂ ಇಪ್ಪತ್ತು ಪಾರ್ಸೆಲ್ ಇರುತ್ತವೆ, ಅವನ ಅವಸರ ನ್ಯಾಯವೇ. ಆದರೆ ಓಟಿಪಿ ಎಂದರೆ ಸಹಿ. ಅದನ್ನು ಹೇಳಿದ ಕ್ಷಣದಿಂದ ಮಾಲು ಸರಿಯಾಗಿ ತಲುಪಿತು ಎಂಬ ದಾಖಲೆ ಅವರ ಕಂಪ್ಯೂಟರಿನಲ್ಲಿ ಕೂರುತ್ತದೆ. ‘ಓಪನ್ ಬಾಕ್ಸ್ ಡೆಲಿವರಿ’ ಎಂದಿದ್ದರೆ ಪೆಟ್ಟಿಗೆಯನ್ನು ಅವನೇ ತೆರೆದು ತೋರಿಸಬೇಕು, ಓಟಿಪಿ ಆಮೇಲೆ. ಹಾಗಿಲ್ಲದಿದ್ದರೂ ಪೆಟ್ಟಿಗೆ ನೆಗ್ಗಿದ್ದರೆ, ಒದ್ದೆಯಾಗಿದ್ದರೆ, ಟೇಪಿನ ಮೇಲೆ ಟೇಪು ಅಂಟಿಸಿದ್ದರೆ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುವ ಹಕ್ಕು ನಿಮಗಿದೆ. 2022ರ ಹಬ್ಬದ ಮಾರಾಟದಲ್ಲಿ ಲ್ಯಾಪ್‌ಟಾಪ್ ತರಿಸಿದವರಿಗೆ ಡಿಟರ್ಜೆಂಟ್ ಸೋಪು ಬಂದ ಸುದ್ದಿ ದೇಶವೆಲ್ಲ ಸುತ್ತಿತ್ತು. ಅಲ್ಲೂ ಜಗ್ಗಾಟ ನಡೆದದ್ದು ಓಟಿಪಿ ಕೊಟ್ಟದ್ದು ತೆರೆಯುವ ಮುಂಚೆಯೋ ಆಮೇಲೋ ಎಂಬುದರ ಮೇಲೆಯೇ.

ಪೆಟ್ಟಿಗೆ ಬಿಚ್ಚುವುದನ್ನು ಮನೆಯ ಯಾರಾದರೂ ಮೊಬೈಲಿನಲ್ಲಿ ತಡೆಯಿಲ್ಲದೆ ಚಿತ್ರೀಕರಿಸಲಿ. ಮೊದಲು ಹೊರಗಿನ ಚೀಟಿ, ಆಮೇಲೆ ಸೀಲು, ಆಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಸೀರಿಯಲ್ ನಂಬರ್, ಈ ಮೂರೂ ಒಂದೇ ವಿಡಿಯೊದಲ್ಲಿ ಬರಬೇಕು. ಪೆಟ್ಟಿಗೆ, ಲ್ಯಾಪ್‌ಟಾಪ್, ಬಿಲ್ಲು ಮೂರರಲ್ಲೂ ಆ ನಂಬರ್ ಒಂದೇ ಇದೆಯೇ ನೋಡಿ. ಪೆಟ್ಟಿಗೆಯ ಮೇಲೆ ಗರಿಷ್ಠ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ಯಾವ ದೇಶದ್ದು, ಆಮದು ಮಾಡಿದವರು ಯಾರು ಎಂಬ ವಿವರ ಕಡ್ಡಾಯವಾಗಿ ಇರಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹಾಗೆ ಹೇಳುತ್ತದೆ. ತಯಾರಾಗಿ ಎರಡು ವರ್ಷ ಗೋದಾಮಿನಲ್ಲಿ ಕೂತ ಮಾಲನ್ನು ‘ಹೊಸ ಮಾಡೆಲ್’ ಎಂದು ಮಾರಿದ್ದರೆ ಗುಟ್ಟು ರಟ್ಟಾಗುವುದು ಇಲ್ಲೇ. ಲ್ಯಾಪ್‌ಟಾಪಿನ ಬೆನ್ನಿನ ಮೇಲೂ ಚಾರ್ಜರಿನ ಮೇಲೂ ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತು ಇರಬೇಕು.

ಕೊನೆಗೆ ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ಎಂದು ನೋಡಿ. ನೀವು ಕೊಂಡ ದಿನಕ್ಕಿಂತ ತಿಂಗಳುಗಳ ಹಿಂದೆಯೇ ಶುರುವಾಗಿದ್ದರೆ ಬಿಲ್ಲು ಕಳಿಸಿ ತಿದ್ದಿಸಿಕೊಳ್ಳಿ. ಈ ಕೆಲಸ ಮೊದಲ ವಾರದಲ್ಲಿ ಸುಲಭ, ವರ್ಷದ ಕೊನೆಯಲ್ಲಿ ಕಷ್ಟ.

ಗುಂಡಿ ಒತ್ತುವ ಮುನ್ನ

ಬೇಸಿಗೆಯ ಮಧ್ಯಾಹ್ನ ವ್ಯಾನಿನಲ್ಲಿ ಕುದ್ದು ಬಂದ ಲ್ಯಾಪ್‌ಟಾಪನ್ನು ಅಲ್ಲೇ ಚಾರ್ಜಿಗೆ ಹಾಕಬೇಡಿ. ನೆರಳಿನಲ್ಲಿ ಒಂದೆರಡು ಗಂಟೆ ಆರಲಿ. ಹೆಚ್ಚಿನ ಕಂಪನಿಗಳ ಕೈಪಿಡಿ ಹೇಳುವ ಬಳಕೆಯ ಉಷ್ಣಾಂಶ 35 ಡಿಗ್ರಿವರೆಗೆ. ಏಪ್ರಿಲ್‌ನ ಹೊಸಪೇಟೆ 40 ದಾಟುತ್ತದೆ. ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ಬಿಸಿಯಷ್ಟು ಬೇಗ ತಿನ್ನುವುದು ಬೇರೊಂದಿಲ್ಲ.

ಆಮೇಲೆ ಗುಂಡಿ ಒತ್ತಿದರೂ ಏನೂ ಆಗದಿರಬಹುದು, ಗಾಬರಿ ಬೇಡ. ಹಲವು ಕಂಪನಿಗಳು ಸಾಗಣೆಯ ಹೊತ್ತಿಗೆ ಬ್ಯಾಟರಿಯನ್ನು ಮಲಗಿಸಿ ಕಳಿಸುತ್ತವೆ, ಚಾರ್ಜರ್ ತಾಗಿದ ಮೇಲೇ ಅದು ಏಳುವುದು. ಚಾರ್ಜು ಕಡಿಮೆ ಇರುವುದೂ ಸಹಜ. ಬ್ಯಾಟರಿ ತುಂಬಿಸಿ ಸಾಗಿಸುವುದು ಅಪಾಯ.

ಇನ್ನೊಂದು ಗಾಬರಿ ನಮ್ಮ ಕಡೆ ತೀರಾ ಮಾಮೂಲು. ಚಾರ್ಜರ್ ಹಾಕಿದಾಗ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ‘ಕರೆಂಟ್ ಹೊಡೀತದ’ ಎಂದು ಹೊಸ ಲ್ಯಾಪ್‌ಟಾಪನ್ನು ವಾಪಸು ಮಾಡಲು ಹೊರಟವರಿದ್ದಾರೆ. ಬಹಳ ಸಲ ದೋಷ ಮನೆಯ ಅರ್ಥಿಂಗ್‌ನದು. ಚಾರ್ಜರಿನೊಳಗೆ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಜಿನುಗುವ ಅತ್ಯಲ್ಪ ವಿದ್ಯುತ್ತು ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಇಳಿಯಬೇಕು. ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿ ಇಲ್ಲದಿದ್ದರೆ, ತಂತಿ ಇದ್ದರೂ ಅರ್ಥಿಂಗ್ ಗುಂಡಿ ಒಣಗಿದ್ದರೆ, ವಿದ್ಯುತ್ತು ಇಳಿಯುವುದು ನಿಮ್ಮ ಬೆರಳಿನ ಮೂಲಕ. ಹಂಪಿ, ಆನೆಗೊಂದಿ, ಕಂಪ್ಲಿಯ ಸುತ್ತೆಲ್ಲ ಹೆಬ್ಬಂಡೆಯ ನೆಲ. ಬಂಡೆ ವಿದ್ಯುತ್ತನ್ನು ಸುಲಭವಾಗಿ ಒಳಬಿಡದು, ಬೇಸಿಗೆಯಲ್ಲಂತೂ ಇನ್ನೂ ಕಷ್ಟ. ಅರ್ಥಿಂಗ್ ಸರಿಯಿರುವ ಬೇರೆ ಕಟ್ಟಡದಲ್ಲಿ ಒಮ್ಮೆ ಹಾಕಿ ನೋಡಿ. ಅಲ್ಲೂ ಜುಮ್ಮೆಂದರೆ ಚಾರ್ಜರನ್ನು ಅನುಮಾನಿಸಿ. ಅಲ್ಲಿ ನಿಂತುಹೋದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರನ್ನು ಮಾತ್ರ ಹಾಕಲೇಬೇಡಿ.

ಧೂಳಿನ ಮಾತೂ ಇಲ್ಲೇ ಬರಬೇಕು. ಸಂಡೂರಿನ ಗಣಿ ರಸ್ತೆಯ ಮನೆಗಳಲ್ಲಿ ಕಿಟಕಿ ಸರಳಿನ ಮೇಲೆ ಕೂರುವ ಕೆಂಧೂಳು ಲ್ಯಾಪ್‌ಟಾಪಿನ ಫ್ಯಾನಿನ ಹಿಂದಿನ ಸಣ್ಣ ರೆಕ್ಕೆಗಳಲ್ಲೂ ಕೂರುತ್ತದೆ. ಗಾಳಿಯ ಕಿಂಡಿ ಅಡಿಯಲ್ಲಿದ್ದರೆ ಹಾಸಿಗೆ, ಚಾಪೆಯ ಮೇಲೆ ಇಡದೆ ಹಲಗೆಯ ಮೇಲೆ ಇಡುವುದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಿ.

ಯಾರ ಹೆಸರಿನಲ್ಲಿ?

ತೆರೆ ಬೆಳಗಿತು. ಹೊಚ್ಚ ಹೊಸ ಯಂತ್ರ ಮೊದಲು ಕೇಳುವುದು ದೇಶ, ಭಾಷೆ, ಕೀಲಿಮಣೆ. ಅದನ್ನು ಕೇಳದೆ ನೇರವಾಗಿ ಯಾರದೋ ಹೆಸರಿನ ಡೆಸ್ಕ್‌ಟಾಪ್ ತೋರಿಸಿತೆಂದರೆ ನಿಮಗಿಂತ ಮೊದಲು ಯಾರೋ ಅದನ್ನು ತೆರೆದಿದ್ದಾರೆ. ಆಗ ಪ್ರಶ್ನೆ ಕೇಳಿ.

ಇಡೀ ವಾರದಲ್ಲಿ ಅತ್ಯಂತ ದುಬಾರಿಯಾದ ತಪ್ಪು ನಡೆಯುವುದು ಮುಂದಿನ ಹೆಜ್ಜೆಯಲ್ಲಿ. ವಿಂಡೋಸ್ 11ರ ಹೋಮ್ ಆವೃತ್ತಿ ಶುರುವಿನಲ್ಲೇ ಇಂಟರ್ನೆಟ್ಟನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ಒಬ್ಬ ಭಾವನೋ ಚಿಕ್ಕಪ್ಪನ ಮಗನೋ ಇರುತ್ತಾನೆ. ಅಂಗಡಿಯಲ್ಲಿ ಕೊಂಡಿದ್ದರೆ ಅಲ್ಲಿನ ಹುಡುಗ ಇರುತ್ತಾನೆ. “ಕೊಡ್ರಿ, ಎರಡು ನಿಮಿಷದಾಗ ಮಾಡಿಕೊಡ್ತೀನಿ” ಎಂದು ತನ್ನದೇ ಇಮೇಲ್ ಹಾಕಿ ಮುಗಿಸುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾನೆ, ಆದರೆ ಅದರ ಫಲ ಬಹಳ ದೂರ ಹೋಗುತ್ತದೆ.

ಮೊದಲನೆಯದಾಗಿ, ಆ ಇಮೇಲಿನ ಮೊದಲ ಐದು ಅಕ್ಷರ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಕಡತಗಳ ಮನೆಯ ಹೆಸರಾಗಿ ನಿಲ್ಲುತ್ತದೆ. ಆಮೇಲೆ ಬದಲಿಸುವುದು ದೊಡ್ಡ ತಲೆನೋವು. ಎರಡನೆಯದಾಗಿ, ಲ್ಯಾಪ್‌ಟಾಪಿನ ಜೊತೆ ಬರುವ ಆಫೀಸ್ ತಂತ್ರಾಂಶದ ಪರವಾನಗಿ ಅದನ್ನು ಮೊದಲು ಚಾಲೂ ಮಾಡಿದ ಖಾತೆಗೆ ಅಂಟಿಕೊಳ್ಳುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರ. 2024ರ ಕೊನೆಯ ಹೊತ್ತಿಗೆ ಬಂದ ವಿಂಡೋಸ್ ಆವೃತ್ತಿಯಿಂದೀಚೆಗೆ ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕು ತಾನಾಗಿ ಗೂಢಲಿಪಿಯಲ್ಲಿ ಭದ್ರವಾಗುತ್ತದೆ. ಅದನ್ನು ಬಿಡಿಸುವ 48 ಅಂಕಿಯ ಕೀಲಿ ಆ ಖಾತೆಯಲ್ಲಿರುತ್ತದೆ. ಮುಂದೊಂದು ದಿನ ಮದರ್‌ಬೋರ್ಡ್ ಬದಲಿಸಿದಾಗಲೋ ಬಯೋಸ್ ಅಪ್‌ಡೇಟ್ ಆದಾಗಲೋ ನೀಲಿ ತೆರೆ ಆ ಕೀಲಿ ಕೇಳಿದರೆ, ಭಾವ ದುಬೈಯಲ್ಲಿದ್ದು ಹಳೆಯ ಇಮೇಲಿನ ಪಾಸ್‌ವರ್ಡ್ ಮರೆತಿದ್ದರೆ, ಮೂರು ವರ್ಷದ ಪ್ರಬಂಧ, ಫೋಟೊ, ಲೆಕ್ಕ ಎಲ್ಲ ಹೋದಂತೆಯೇ. ಸರ್ವಿಸ್ ಸೆಂಟರಿನವರಿಗೂ ಅದನ್ನು ತೆರೆಯಲಾಗದು.

ಆದ್ದರಿಂದ ಖಾತೆ ಬಳಸುವವರದೇ ಇರಲಿ, ಫೋನ್ ನಂಬರೂ ಅವರದೇ ಇರಲಿ. ಸೆಟ್ಟಪ್ ಮುಗಿದ ದಿನವೇ ಖಾತೆಯ ಪುಟಕ್ಕೆ ಹೋಗಿ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಇಡಿ. ಲ್ಯಾಪ್‌ಟಾಪಿನೊಳಗೇ ಬರೆದಿಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದ ಹಾಗೆ.

ಅಂಗಡಿಯವರು “ಆಫೀಸು, ಆಂಟಿವೈರಸ್ಸು, ಫೋಟೊಶಾಪು ಎಲ್ಲ ಫ್ರೀ ಹಾಕಿಕೊಡ್ತೀವಿ” ಎಂದರೆ ಬೇಡ ಎನ್ನಿ. ಕದ್ದ ತಂತ್ರಾಂಶವನ್ನು ಓಡಿಸಲು ಮೊದಲು ಯಂತ್ರದ ಕಾವಲನ್ನು ಆರಿಸಬೇಕಾಗುತ್ತದೆ, ಆರಿಸಿದ್ದನ್ನು ಮತ್ತೆ ಹಚ್ಚುವವರು ಕಡಿಮೆ. ಒಂದೆರಡು ತಿಂಗಳ ಪ್ರಾಯೋಗಿಕ ಆಂಟಿವೈರಸ್ ಕಂಪನಿಯಿಂದಲೇ ಬಂದಿದ್ದರೆ ಅದನ್ನೂ ತೆಗೆಯಿರಿ, ಮನೆಬಳಕೆಗೆ ವಿಂಡೋಸಿನದೇ ಡಿಫೆಂಡರ್ ಸಾಕು. ಮೊದಲ ಅಪ್‌ಡೇಟುಗಳು ಹಲವು ಜಿಬಿ ಎಳೆಯುತ್ತವೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಮಾಡಿಕೊಂಡು ಕೂತರೆ ನಡುವೆ ನಿಂತುಹೋಗುತ್ತದೆ. ವೈಫೈ ಇರುವ ನೆಂಟರ ಮನೆಯಲ್ಲೋ ಕಾಲೇಜಿನಲ್ಲೋ ಈ ಕೆಲಸ ಮುಗಿಸಿಕೊಳ್ಳಿ.

ಹೇಳಿದ್ದೇ ಬಂದಿದೆಯೇ?

ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಒತ್ತಿದರೆ ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟು, ಡಿಸ್ಕು ಯಾವ ಬಗೆಯದು ಎಲ್ಲ ಕಾಣುತ್ತದೆ. ಜಾಹೀರಾತಿನ ಪ್ರತಿ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. 512 ಜಿಬಿ ಎಂದು ಕೊಂಡದ್ದು 476 ಎಂದು ತೋರಿಸಿದರೆ ಅದು ಮೋಸವಲ್ಲ. ಡಿಸ್ಕು ಮಾಡುವವರು ನೂರು ಕೋಟಿ ಬೈಟನ್ನು ಒಂದು ಜಿಬಿ ಎನ್ನುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಬೈಟನ್ನು ಒಂದು ಜಿಬಿ ಎನ್ನುತ್ತದೆ. 512ನ್ನು 1.0737ರಿಂದ ಭಾಗಿಸಿದರೆ ಬರುವುದು 476 ಚಿಲ್ಲರೆ. ಅದೇ 238 ಎಂದು ತೋರಿಸಿದರೆ ನಿಮಗೆ ಬಂದಿರುವುದು 256 ಜಿಬಿಯ ಡಿಸ್ಕು; ವಾಪಸು ಮಾಡಿ.

ಬ್ಯಾಟರಿಯ ನಿಜ ತಿಳಿಯಲು ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆದೇಶದ ಮುಂದೆ ಓರೆಗೆರೆ ಹಾಕಿ ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಕೊಡಿ. ವರದಿಯೊಂದು ತಯಾರಾಗುತ್ತದೆ. ಅದರಲ್ಲಿ ವಿನ್ಯಾಸದ ಸಾಮರ್ಥ್ಯ ಮತ್ತು ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಹೊಸದರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ ಇರಬೇಕು, ಚಾರ್ಜಿನ ಸುತ್ತು ಬೆರಳೆಣಿಕೆ ಮೀರಬಾರದು. ಸುತ್ತು ನೂರರ ಹತ್ತಿರ ಇದ್ದು ಸಾಮರ್ಥ್ಯ ಹತ್ತಿಪ್ಪತ್ತು ಪರ್ಸೆಂಟ್ ಇಳಿದಿದ್ದರೆ, ಬಳಸಿ ತೊಳೆದದ್ದನ್ನು ಹೊಸತೆಂದು ಕೊಟ್ಟಿದ್ದಾರೆ. ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಉಚಿತ ತಂತ್ರಾಂಶಗಳಿವೆ. ಅವು ಇದೇ ಸಾಕ್ಷ್ಯವನ್ನು ಇನ್ನೊಂದು ಬಾಯಿಂದ ಹೇಳುತ್ತವೆ. ಎರಡರ ಚಿತ್ರವನ್ನೂ ತೆಗೆದಿಡಿ.

ಇನ್ನು ಕಣ್ಣು, ಕಿವಿ, ಕೈಗೆ ಕೆಲಸ. ಕತ್ತಲೆ ಕೋಣೆಯಲ್ಲಿ ತೆರೆಯ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣ ತುಂಬಿಸಿ ಸತ್ತ ಚುಕ್ಕೆ ಹುಡುಕಿ. ವಾರಂಟಿಯಲ್ಲಿ ಒಂದೆರಡು ಚುಕ್ಕೆಯನ್ನು ದೋಷವೆಂದೇ ಒಪ್ಪದ ಕಂಪನಿಗಳು ಬಹಳ. ಅದಕ್ಕೇ ಈ ತಕರಾರು ವಾಪಸಿನ ಗಡುವಿನೊಳಗೇ ಎದ್ದರೆ ಒಳ್ಳೆಯದು. ಪ್ರತಿ ಕೀಲಿ ಒತ್ತಿ, ಯುಎಸ್‌ಬಿ ಕಿಂಡಿಗಳಿಗೆಲ್ಲ ಪೆನ್‌ಡ್ರೈವ್ ಹಾಕಿ, ಎರಡೂ ಸ್ಪೀಕರು, ಮೈಕು, ಕ್ಯಾಮೆರಾ ನೋಡಿ, ತಿರುಗಣಿ ತೆರೆಯುವಾಗ ಕಿರುಗುಟ್ಟುತ್ತದೆಯೇ ಕೇಳಿಸಿಕೊಳ್ಳಿ. ಆಮೇಲೆ ಒಂದು ಇಡೀ ಸಿನಿಮಾ ಓಡಿಸಿ, ವಿಡಿಯೊ ಕರೆ ಮಾಡಿ, ನಿದ್ರೆಗೆ ಕಳಿಸಿ ಎಬ್ಬಿಸಿ. ಬಿಡಿಭಾಗದ ದೋಷಗಳು ಬಹುಪಾಲು ಮೊದಲ ದಿನಗಳ ಭರ್ತಿ ಕೆಲಸದಲ್ಲಿ ಹೊರಬರುತ್ತವೆ. ‘ಪರೀಕ್ಷೆ ಹತ್ತಿರ ಬಂದಾಗ ತೆಗೆದರಾಯಿತು’ ಎಂದು ಬೀರುವಿನಲ್ಲಿ ಇಟ್ಟವರಿಗೆ ಆ ಲಾಭವಿಲ್ಲ.

ಕನ್ನಡಕ್ಕೆ ಒಗ್ಗಿಸುವುದು

ಕನ್ನಡ ಲಿಪಿಗೆ ಜಾಗ ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಎರಡೂ ಕೈಹಿಡಿಯಲು ಮಾತ್ರ ಬಹಳ ಕಾಲ ಬೇಕಾಯಿತು. ಆ ನಡುವೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಇದೇ ವಿಶ್ವವಿದ್ಯಾಲಯ ಹಾಸನದ ತಂತ್ರಜ್ಞರ ನೆರವು ಪಡೆದು ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಬೇರೆಯವರ ದಯೆಯ ಮೇಲೆ ಬದುಕಬಾರದು ಎಂಬ ಹಟ ಈ ಬಂಡೆಗಳ ನಡುವೆಯೇ ಬೆಳೆದಿದೆ.

ಇಂದು ವಿಂಡೋಸಿನಲ್ಲಿ ಕನ್ನಡ ಮೊದಲೇ ಕೂತಿದೆ, ಎಬ್ಬಿಸಬೇಕಷ್ಟೆ. ಸೆಟ್ಟಿಂಗ್ಸಿನ ‘ಟೈಮ್ ಅಂಡ್ ಲ್ಯಾಂಗ್ವೇಜ್’ನಲ್ಲಿ ಕನ್ನಡ ಸೇರಿಸಿದರೆ ಕೀಲಿಮಣೆಗಳು ಸಿಗುತ್ತವೆ. ಇನ್‌ಸ್ಕ್ರಿಪ್ಟ್ ಮೊದಲಿನಿಂದ ಇದೆ, ಉಚ್ಚಾರಣೆಯಂತೆ ಟೈಪಿಸುವ ಫೊನೆಟಿಕ್ 2019ರಲ್ಲಿ ಬಂತು. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಸರ್ಕಾರಿ ಕಚೇರಿಯ ರೂಢಿ ಇರುವವರಿಗೆ ಬೇಕಾದದ್ದು ಕೆ.ಪಿ. ರಾವ್ ವಿನ್ಯಾಸ, ಎಫ್ ಒತ್ತಿ ಒತ್ತಕ್ಷರ ಕೊಡುವ ಆ ಜಾಣ ಜೋಡಣೆ. ಅದಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಳ್ಳಬೇಕು. ಯೂನಿಕೋಡ್ ಬೆಂಬಲವಿರುವ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ.

ಸಂಶೋಧನೆ ಮಾಡುವವರಿಗೆ ಇಲ್ಲೊಂದು ಆಘಾತ ಕಾದಿರುತ್ತದೆ. ಹಳೆಯ ಯಂತ್ರದಲ್ಲಿ ಹಳೆಯ ನುಡಿಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಮಾತ್ರೆ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ. ಆ ಕಾಲದ ತಂತ್ರಾಂಶ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿತ್ತು. ಆ ಫಾಂಟ್ ಇಲ್ಲದೆಡೆ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಹಳೆಯ ಫಾಂಟನ್ನು ಹಾಕಿ ಓದಬಹುದು, ಅದಕ್ಕಿಂತ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಬಿಡುವುದು ಮೇಲು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮೂಲದೊಂದಿಗೆ ಕಣ್ಣಾಡಿಸಿ ನೋಡಿ, ತಪ್ಪು ನುಸುಳುವುದು ಅಲ್ಲೇ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಇದು ಮುಗಿದಿರಬೇಕು.

ಸರ್ಕಾರ ಕೊಟ್ಟ ಲ್ಯಾಪ್‌ಟಾಪ್

2020ರಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲಕ್ಷಕ್ಕೂ ಮಿಕ್ಕಿ ಲ್ಯಾಪ್‌ಟಾಪ್ ಹಂಚಲಾಯಿತು, ಮರುವರ್ಷ ಟ್ಯಾಬ್ಲೆಟ್ ಬಂದವು. ಕಟ್ಟಡ ಕಾರ್ಮಿಕರ ಮಕ್ಕಳಿಗೂ ಕಲ್ಯಾಣ ಮಂಡಳಿ ಕೊಟ್ಟಿದೆ. ಇಲ್ಲಿ ವಾಪಸಿನ ಗಡುವಿಲ್ಲ, ಓಟಿಪಿಯೂ ಇಲ್ಲ. ಇರುವುದು ಸಹಿ ಹಾಕುವ ಪಟ್ಟಿ. ಪಟ್ಟಿಯಲ್ಲಿರುವ ಸೀರಿಯಲ್ ನಂಬರ್ ನಿಮ್ಮ ಕೈಯಲ್ಲಿರುವುದರದ್ದೇ ಎಂದು ನೋಡಿ ಸಹಿ ಮಾಡಿ, ವಾರಂಟಿ ಕಾರ್ಡು ಕೇಳಿ ಪಡೆಯಿರಿ, ದೋಷವಿದ್ದರೆ ಪ್ರಾಂಶುಪಾಲರಿಗೆ ಆ ವಾರವೇ ಬರೆದುಕೊಡಿ. ಪುಕ್ಕಟೆ ಬಂದದ್ದನ್ನು ಪರೀಕ್ಷಿಸುವುದು ಅಧಿಕಪ್ರಸಂಗವಲ್ಲ. ಅದಕ್ಕೂ ಯಾರೋ ತೆರಿಗೆ ಕಟ್ಟಿದ್ದಾರೆ.

ತಕರಾರು ಎದ್ದರೆ

ಮೊದಲು ಮಾರಿದವರಿಗೆ ಬರಹದಲ್ಲಿ ದೂರು ಕೊಡಿ, ಫೋನಿನಲ್ಲಿ ಮಾತ್ರ ಹೇಳಿ ಬಿಡಬೇಡಿ. ಇ-ವಾಣಿಜ್ಯಕ್ಕೆಂದು 2020ರಲ್ಲಿ ಬಂದ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿಗೆ ಹೊಂದದ ಮಾಲನ್ನು ವಾಪಸು ಪಡೆಯುವುದಿಲ್ಲ ಎನ್ನುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು. ‘ಕಂಪನಿಯ ಸರ್ವಿಸ್ ಸೆಂಟರಿನಿಂದ ದೋಷದ ಪತ್ರ ತನ್ನಿ’ ಎಂದು ಕೇಳುವ ಮಾರಾಟಗಾರರಿದ್ದಾರೆ. ಪತ್ರ ತರಲು ದಿನ ಹಿಡಿಯುವುದರಿಂದ ದೂರು ದಾಖಲಿಸುವುದು ಮೊದಲು, ಪತ್ರ ಆಮೇಲೆ.

ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ಮುಂದೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾಡಿದ ದೊಡ್ಡ ಉಪಕಾರವೆಂದರೆ, ಮಾರಿದವನು ಗುರುಗ್ರಾಮದಲ್ಲಿರಲಿ ಬೆಂಗಳೂರಿನಲ್ಲಿರಲಿ, ಕೊಂಡವರು ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ದಾವೆ ಹೂಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದವರೆಗೆ ಕಾಲಾವಕಾಶವಿದೆ. ಪೆಟ್ಟಿಗೆ ಬಿಚ್ಚಿದ ವಿಡಿಯೊ, ಬ್ಯಾಟರಿಯ ವರದಿ, ಬರಹದ ದೂರು ಈ ಮೂರೂ ಇದ್ದವರ ಮಾತು ಅಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯಿತು. ನಮ್ಮ ಮನೆಗಳಲ್ಲಿ ಹಣ ಕೊಡುವವರು ಅಪ್ಪ, ಆರಿಸುವವನು ಅಣ್ಣ, ಸೆಟ್ಟಪ್ ಮಾಡುವವನು ನೆಂಟರ ಹುಡುಗ, ಬಳಸುವವಳು ಮಗಳು. ಮೇಲೆ ಹೇಳಿದ ಯಾವ ಕೆಲಸಕ್ಕೂ ಎಂಜಿನಿಯರಿಂಗ್ ಓದಿರಬೇಕಿಲ್ಲ, ಒಂದು ಭಾನುವಾರ ಮತ್ತು ತಾಳ್ಮೆ ಸಾಕು. ಅವಳೇ ಕೂತು ಸೀರಿಯಲ್ ನಂಬರ್ ಹೋಲಿಸಲಿ, ಅವಳೇ ಖಾತೆ ತೆರೆಯಲಿ, 48 ಅಂಕಿ ಅವಳ ಕೈಬರಹದಲ್ಲೇ ಇರಲಿ, ದೂರು ಬರೆಯಬೇಕಾಗಿ ಬಂದರೆ ಅದನ್ನೂ ಅವಳೇ ಬರೆಯಲಿ. ಬಲ್ಲವರು ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ ಉತ್ತರ ಹೇಳಿದರೆ ಸಾಕು. ಮುಂದೆ ಯಂತ್ರ ಕೈಕೊಟ್ಟ ದಿನ ಯಾರಿಗಾಗಿಯೂ ಕಾಯದೆ ರಿಪೇರಿಗೆ ಹೊರಡುವವಳೂ ಅವಳೇ.